ಮಾವನ ಸ್ಕ್ರೂಗಳೂ ನನ್ನ ಬೆಳ್ಳನೆಯ ನೆಲವೂ

"ಇನ್ನು ಮುಂದೆ ಈ ಮನೆ ಗ್ಯಾರೇಜಲ್ಲಿ ಒಂದೇ ಒಂದು ಸ್ಕ್ರೂ ಕಳೆದುಹೋದ್ರೂ ನನ್ನ ಹೆಸರು ಬದಲಾಯಿಸಿ!" ಎಂದು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ.

ಹೆಂಡತಿ ನೀರಿನ ಲೋಟ ಕೆಳಗಿಟ್ಟು, "ಏನಂತ ಇಡೋಣ?" ಎಂದಳು.

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಅಂತಸ್ತಿಗೆ ತಕ್ಕದ್ದಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಇಪ್ಪತ್ತಾರು ವರ್ಷದ ಸರ್ವೀಸು. ನಾನು ಮಾರುಕಟ್ಟೆಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ. ಅಂಥವನು ಒಂದು ಗ್ಯಾರೇಜಿನ ನೆಲವನ್ನು ನೆಟ್ಟಗೆ ಮಾಡಲಾರೆನೇ?

ಘೋಷಣೆಯ ಹಿನ್ನೆಲೆ ಹೇಳಿಬಿಡುತ್ತೇನೆ. ಮನೆಯಲ್ಲಿ ನಾವು ಮೂವರು: ನಾನು, ನನ್ನ ಹೆಂಡತಿ, ಅವಳ ತಂದೆ. ಹೆಂಡತಿ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಹಗಲೆಲ್ಲ ಜನರಿಂದ ಗೋಡೆಯ ಮೇಲಿನ ಅಕ್ಷರ ಓದಿಸಿ, ಸಂಜೆ ಬಂದು ನನ್ನ ಮುಖ ಓದುತ್ತಾಳೆ. ಮಾವ ಗಡಿಯಾರ ರಿಪೇರಿಯವರು. ಐವತ್ತು ವರ್ಷ ನಡೆಸಿದ ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬರುವಾಗ ಒಂದು ಟ್ರಂಕು ಬಟ್ಟೆ, ಒಂದು ಮೇಜು, ಮೂವತ್ತೊಂದು ಗಡಿಯಾರ ತಂದರು. ಬಟ್ಟೆಗೆ ಬೀರುವಿನಲ್ಲಿ ಜಾಗ ಸಿಕ್ಕಿತು. ಮೇಜೂ ಗಡಿಯಾರಗಳೂ ಗ್ಯಾರೇಜಿನಲ್ಲಿ ಕಾರಿನ ಪಕ್ಕ ಸೇರಿದವು.

ಆ ಮೂವತ್ತೊಂದರಲ್ಲಿ ಯಾವ ಎರಡು ಗಡಿಯಾರವೂ ಒಂದೇ ಹೊತ್ತು ತೋರಿಸಿದ್ದಿಲ್ಲ. ಅಳತೆಯ ಮನುಷ್ಯನಾದ ನನಗೆ ಇದು ಸಹಿಸಲಾಗದ ವಿಷಯ. ಒಮ್ಮೆ ಕೇಳಿಯೂ ಬಿಟ್ಟೆ. ಮಾವ ನಿಧಾನವಾಗಿ ಹೇಳಿದರು: "ಎಲ್ಲಾನೂ ಸರಿಯಾಗಿ ನಡೆದ್ರೆ ನನಗೇನು ಕೆಲಸ ಉಳಿಯುತ್ತೆ ಅಳಿಯಂದ್ರೇ?"

ಈಗ ಸ್ಕ್ರೂ ವಿಷಯ. ಗಡಿಯಾರದ ಸ್ಕ್ರೂ ಎಂದರೆ ಸಾಸಿವೆ ಕಾಳಿನ ತಮ್ಮ. ನಮ್ಮ ಗ್ಯಾರೇಜಿನ ನೆಲವೋ, ಹದಿನೈದು ವರ್ಷ ಎಂಜಿನ್ ಆಯಿಲ್ ಕುಡಿದು ಮತ್ತೇರಿ ಮಲಗಿದ ಕಪ್ಪು ಸಿಮೆಂಟು. ಬಿದ್ದದ್ದನ್ನು ಅದು ಹಿಂದಿರುಗಿಸಿದ ಉದಾಹರಣೆ ಇಲ್ಲ. ಮಾವ ದಿನಕ್ಕೆ ಹತ್ತು ಸಲ ಟಾರ್ಚು ಹಿಡಿದು ಮೊಣಕಾಲೂರಿ ನೆಲಕ್ಕಿಳಿಯುತ್ತಿದ್ದರು.

"ಅಪ್ಪಾ, ನಿಮ್ಮ ಕಣ್ಣಲ್ಲಿ ಪೊರೆ ಬೆಳೆದಿದೆ. ನಾನು ನೋಡಿದೀನಿ. ಆಪರೇಷನ್ ಮಾಡಿಸೋಣ" ಎಂದು ಹೆಂಡತಿ ಎರಡು ವರ್ಷದಿಂದ ಹೇಳುತ್ತಿದ್ದಳು.

"ನನ್ನ ಕಣ್ಣಿಗೇನಾಗಿದೆ? ನೆಲ ಕಪ್ಪಗಿದೆ!" ಎಂದು ಮಾವ ಎರಡು ವರ್ಷದಿಂದ ಉತ್ತರಿಸುತ್ತಿದ್ದರು.

ಒಂದು ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಟು ಕಾರು ಸ್ಟಾರ್ಟ್ ಮಾಡಿದಳು. ರಿವರ್ಸ್ ಗೇರಿಗೆ ಹಾಕಿದಳು. ಕನ್ನಡಿಯಲ್ಲಿ ನೋಡಿದಾಗ ಹಿಂದಿನ ಚಕ್ರದ ಬಳಿ ಎರಡು ಕಾಲು ಕಂಡವು. ಮಾವನ ಕಾಲು! ಉಳಿದ ಮಾವ ಕಾರಿನ ಕೆಳಗಿದ್ದರು.

ಬ್ರೇಕಿನ ಸದ್ದಿಗೆ ನಾನು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದೆ. ಹೆಂಡತಿ ಕಾರಿನ ಬೀಗದ ಕೈಯನ್ನು ಕಿತ್ತು ಕೆಳಗಿಳಿದಿದ್ದಳು. ಮಾವ ಕಾರಿನ ಕೆಳಗಿನಿಂದ ತೆವಳಿಕೊಂಡು ಬಂದು, "ಸಿಗಲಿಲ್ಲ" ಎಂದರು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಅವಳು ತೀರ್ಪು ಕೊಟ್ಟಳು. "ಅಪ್ಪನ ಮೇಜು ಇನ್ನು ಗ್ಯಾರೇಜಲ್ಲಿ ಬೇಡ. ನಮ್ಮ ಬೆಡ್‌ರೂಮಿಗೆ ತರ್ತೀನಿ. ಬೆಳಕೂ ಚೆನ್ನಾಗಿದೆ, ನೆಲಾನೂ ಬೆಳ್ಳಗಿದೆ."

"ಮತ್ತೆ ಗಡಿಯಾರಗಳು?"

"ಅವೂ ಬರ್ತವೆ. ಅಪ್ಪನ್ನ ಬಿಟ್ಟು ಅವೇನು ಮಾಡ್ತವೆ ಅಲ್ಲಿ?"

ತಲೆದಿಂಬಿನ ಸುತ್ತ ಮೂವತ್ತೊಂದು ಟಿಕ್ ಟಿಕ್! ಹನ್ನೆರಡು ಗಂಟೆ ಮೂವತ್ತೊಂದು ಸಲ! ನಾನು ಎದ್ದು ನಿಂತು ಘೋಷಣೆ ಮಾಡಿದ್ದು ಆಗಲೇ. ಮಾವನ ಪ್ರಾಣ ಮತ್ತು ನನ್ನ ನಿದ್ದೆ, ಎರಡನ್ನೂ ಒಂದೇ ಏಟಿಗೆ ಉಳಿಸುವ ಉಪಾಯ ನನ್ನ ಬಳಿ ಇತ್ತು. ಗ್ಯಾರೇಜಿನ ನೆಲಕ್ಕೆ ತಿಳಿಬಣ್ಣದ ಎಪಾಕ್ಸಿ ಎಂಬ ಗಟ್ಟಿ ಲೇಪ ಹೊದಿಸುವುದು! ಬೆಳ್ಳನೆಯ, ನುಣ್ಣನೆಯ, ಕನ್ನಡಿಯಂಥ ನೆಲ! ಬಿದ್ದ ಸ್ಕ್ರೂ ಬಾಗಿಲಲ್ಲಿ ನಿಂತರೇ ಕಾಣಬೇಕು!

"ಕೆಲಸದವರನ್ನ ಕರೆಸ್ತೀರಾ?" ಹೆಂಡತಿ ಕೇಳಿದಳು.

"ಎರಡು ಡಬ್ಬ ಅಳೆದು ಕಲಸೋದಕ್ಕೆ ಕೆಲಸದವರೇ? ನಾನಿಲ್ವಾ?"

ಅವಳು ನನ್ನ ಮುಖವನ್ನು ಒಂದು ಕ್ಷಣ ಓದಿದಳು. "ಸರಿ, ಮಾಡಿ" ಎಂದಳು. ಅಷ್ಟು ಸಲೀಸಾಗಿ ಅವಳು ಒಪ್ಪಿದ್ದು ನನಗೆ ಆಗಲೇ ಅನುಮಾನ ತರಿಸಬೇಕಿತ್ತು.

ಮರುದಿನ ಬಣ್ಣದಂಗಡಿಗೆ ಹೋದೆ. ಅಂಗಡಿಯವರು ಗಲ್ಲದ ಮೇಲೆ ಒಂದು ಹಸಿರು ಚುಕ್ಕೆ, ಕಿವಿಯ ಮೇಲೆ ಒಂದು ಹಳದಿ ಚುಕ್ಕೆ ಇದ್ದ ಸಮಾಧಾನದ ಮನುಷ್ಯ.

"ಬಿಳಿ ಎಪಾಕ್ಸಿ ಕೊಡಿ."

"ಯಾವ ಬಿಳಿ ಸರ್?"

"ಬಿಳಿ ಬಿಳಿ."

ಅವರು ಶೇಡ್ ಕಾರ್ಡು ಬಿಡಿಸಿದರು. ಅದರಲ್ಲಿ ಹದಿನೇಳು ಬಿಳಿಗಳಿದ್ದವು. ಒಂದಕ್ಕೆ 'ಮೊದಲ ಮಂಜು' ಎಂದು ಹೆಸರು. ಇನ್ನೊಂದು 'ಹಂಸದ ಕತ್ತು'. ಪಕ್ಕದಲ್ಲಿ 'ಮುತ್ತಿನ ಮೌನ', ಅದರ ಕೆಳಗೆ 'ಬೆಳದಿಂಗಳ ಬೂದಿ'. ನಾನು ಕಾರ್ಡನ್ನು ಬೆಳಕಿಗೆ ಹಿಡಿದೆ, ನೆರಳಿಗೆ ಹಿಡಿದೆ, ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ಹದಿನೇಳೂ ಒಂದೇ ತಾಯಿಯ ಅವಳಿ ಮಕ್ಕಳಂತೆ ನನ್ನನ್ನೇ ನೋಡುತ್ತಿದ್ದವು.

"ಗ್ಯಾರೇಜಿಗೆ ಅಂದ್ರೆ ತಿಳಿ ಬೂದು ತಗೊಳ್ಳಿ ಸರ್" ಎಂದರು ಅಂಗಡಿಯವರು. "ಮೇಲೆ ಬಣ್ಣಬಣ್ಣದ ಚೂರು ಉದುರಿಸಿದ್ರೆ ಕೊಳೆ ಕಾಣಲ್ಲ, ಬಿದ್ದಿದ್ದೂ ಕಾಣಲ್ಲ."

"ಬಿದ್ದದ್ದು ಕಾಣಲಿ ಅಂತಾನೇ ಹಾಕ್ತಿರೋದು!"

"ಬಿದ್ದಿದ್ದು ಕಾಣ್ಬೇಕಾ?" ಅವರು ನನ್ನನ್ನು ಮರುಕದಿಂದ ನೋಡಿದರು. "ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ. ಹೀಗೆ ಕೇಳಿದವರು ನೀವೇ ಮೊದಲು."

ಶೇಡ್ ಕಾರ್ಡು ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಗ್ಯಾರೇಜಿನ ನೆಲದ ಮೇಲೆ ಅದನ್ನು ಹಾಸಿ, ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಶಾಸ್ತ್ರೋಕ್ತವಾಗಿ ಪರೀಕ್ಷೆ ಆರಂಭಿಸಿದೆವು. ಪ್ರತಿ ಬಣ್ಣದ ಚೌಕದ ಮೇಲೆ ಒಂದು ಉಕ್ಕಿನ ಸ್ಕ್ರೂ, ಒಂದು ಹಿತ್ತಾಳೆಯ ಸ್ಕ್ರೂ ಇಡುವುದು. ಮಾವ ನೋಡಿ ಹೇಳುವುದು.

"ಬೂದು ಬೇಡ ಅಳಿಯಂದ್ರೇ. ಉಕ್ಕು ಕಾಣಲ್ಲ."

"ಕೆನೆಬಣ್ಣ?"

"ಹಿತ್ತಾಳೆ ಕಾಣಲ್ಲ."

"ಈ ಮುತ್ತಿನ ಮೌನ?"

ಮಾವ ಬಗ್ಗಿದರು. ಇನ್ನೂ ಬಗ್ಗಿದರು. ಮೂಗು ಕಾರ್ಡಿಗೆ ತಾಕುವಷ್ಟು ಬಗ್ಗಿ, "ಇದು ಪರವಾಗಿಲ್ಲ. ಎರಡೂ ಕಾಣ್ತಿವೆ" ಎಂದರು.

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. "ಅಪ್ಪಾ, ಎಷ್ಟು ಸ್ಕ್ರೂ ಕಾಣ್ತಿವೆ?"

"ಎರಡು."

"ಅಲ್ಲಿ ಮೂರಿದೆ."

"ಮೂರನೇದು ನೀನು ಈಗ ಇಟ್ಟಿರ್ತೀಯ!" ಎಂದು ಮಾವ ಗದರಿದರು. ಅವಳು ಒಳಗೆ ಹೋದಳು. ನಾನು ಜಯಭೇರಿ ಬಾರಿಸಿ 'ಮುತ್ತಿನ ಮೌನ' ಆಯ್ಕೆ ಮಾಡಿದೆ.

ಎಪಾಕ್ಸಿ ಎರಡು ಡಬ್ಬಗಳಲ್ಲಿ ಬರುತ್ತದೆ. ದೊಡ್ಡದರಲ್ಲಿ ಬಣ್ಣದ ಅಂಟು, ಚಿಕ್ಕದರಲ್ಲಿ ಅದನ್ನು ಗಟ್ಟಿಯಾಗಿಸುವ ದ್ರಾವಣ. ಬೇರೆಬೇರೆ ಇದ್ದಾಗ ಎರಡೂ ಸಾಧುಗಳು, ಸೇರಿದವೆಂದರೆ ಕಲ್ಲು. ನಾಲ್ಕಕ್ಕೆ ಒಂದರಂತೆ ಕಲಸಬೇಕು. ಅಂಗಡಿಯವರು ಡಬ್ಬ ಕಟ್ಟಿಕೊಡುತ್ತ, "ಕಲಸಿದ ಮೇಲೆ ಅರ್ಧ ಗಂಟೆ ಅಷ್ಟೇ ಸರ್ ಟೈಮು. ಬೇಗ ಸುರಿದುಬಿಡಿ. ಆಮೇಲೆ ಈ ಮುಳ್ಳಿನ ಚಪ್ಪಲಿ ತಗೊಳ್ಳಿ, ಒದ್ದೆ ನೆಲದ ಮೇಲೆ ಓಡಾಡಬಹುದು" ಎಂದರು.

ಅವರು ತೋರಿಸಿದ ಚಪ್ಪಲಿಯ ಅಡಿಯಲ್ಲಿ ಉದ್ದುದ್ದ ಮೊಳೆಗಳಿದ್ದವು. "ನಾನೇನು ಸರ್ಕಸ್ಸಿನವನೇ?" ಎಂದೆ. ಚಪ್ಪಲಿ ಅಲ್ಲೇ ಉಳಿಯಿತು.

ಒಂದು ವಾರ ಸಿದ್ಧತೆ. ಕಾರು ಬೀದಿಗೆ ಹೋಯಿತು. ಮಾವನ ಮೇಜೂ ಮೂವತ್ತೊಂದು ಗಡಿಯಾರಗಳೂ, ಕೆಲಸ ಮುಗಿಯುವವರೆಗೆ ಮಾತ್ರ ಎಂಬ ಲಿಖಿತವಲ್ಲದ ಒಪ್ಪಂದದಂತೆ, ನಮ್ಮ ಬೆಡ್‌ರೂಮಿಗೆ ಬಂದವು. ನಾನು ರಜೆ ಹಾಕಿ ನೆಲ ಗುಡಿಸಿದೆ, ಜಿಡ್ಡು ತೆಗೆಯುವ ಪುಡಿ ಹಾಕಿ ತಿಕ್ಕಿದೆ, ಆಸಿಡ್ಡಿನಲ್ಲಿ ತೊಳೆದೆ, ಒಣಗಿಸಿದೆ, ಬಿರುಕುಗಳಿಗೆ ಮೆತ್ತಿದೆ. ಹದಿನೈದು ವರ್ಷದ ಕೊಳೆಯ ಜೊತೆ ಮಾವ ಕಳೆದುಕೊಂಡಿದ್ದ ನಲವತ್ತಾರು ಸ್ಕ್ರೂಗಳೂ ಹೊರಗೆ ಬಂದವು. ಮಾವ ಅವನ್ನು ಎಣಿಸಿ, "ಇನ್ನೂ ಇರ್ಬೇಕು" ಎಂದರು.

ಎದುರುಮನೆಯಲ್ಲಿ ಡ್ರೈವಿಂಗ್ ಕಲಿಸುವ ಮೇಷ್ಟ್ರು ಇದ್ದಾರೆ. ಎಲ್ಲರ ಕೆಲಸದಲ್ಲೂ ಇನ್ನೊಂದು ಬ್ರೇಕು ತಮ್ಮ ಕಾಲಡಿಯಲ್ಲಿದೆ ಎಂದು ನಂಬಿದವರು. ಕಲಸುವ ದಿನ ಅವರು ಬಂದು ಶಟರಿನ ಬಳಿ ನಿಂತರು. ನನಗೂ ಪ್ರೇಕ್ಷಕರು ಬೇಕಿತ್ತು.

"ನೋಡಿ ಮೇಷ್ಟ್ರೇ, ಜನ ಎಡವೋದು ಅಳತೆಯಲ್ಲಿ" ಎಂದು ಆರಂಭಿಸಿದೆ. "ನಾಲ್ಕಕ್ಕೆ ಒಂದು ಅಂದ್ರೆ ನಾಲ್ಕಕ್ಕೆ ಒಂದು. ಮೂರೂಮುಕ್ಕಾಲಿಗೆ ಒಂದಲ್ಲ."

ಅಳೆದೆ. ಸುರಿದೆ. ಕಲಸಿದೆ. ಆಮೇಲೆ ಬಕೆಟ್ಟಿನ ಪಕ್ಕ ನಿಂತು, ದ್ರವವನ್ನು ಅಳೆಯುವಾಗ ಕಣ್ಣು ಯಾವ ಎತ್ತರದಲ್ಲಿರಬೇಕು, ಹಾಲಿನ ಡೈರಿಯೊಂದರಲ್ಲಿ ಲೋಟದ ತಳ ಉಬ್ಬಿಸಿದ್ದನ್ನು ನಾನು ಹೇಗೆ ಕಂಡುಹಿಡಿದೆ, ಡೈರಿಯವನು ಹೇಗೆ ಬೆವೆತ ಎಂಬ ಮೂರು ಅಧ್ಯಾಯಗಳನ್ನು ಅವರಿಗೆ ವಿವರಿಸಿದೆ. ಮೇಷ್ಟ್ರು ತಲೆಯಾಡಿಸುತ್ತ ಕೇಳಿದರು. ಮೂರನೆಯ ಅಧ್ಯಾಯದ ಕೊನೆಯಲ್ಲಿ, "ಸಾರ್, ನಿಮ್ಮ ಬಕೆಟ್ಟು ಹೊಗೆ ಬಿಡ್ತಿದೆ" ಎಂದರು.

ತಿರುಗಿ ನೋಡಿದೆ. ನಿಜ! ಬಕೆಟ್ಟು ಮುಟ್ಟಲಾಗದಷ್ಟು ಬಿಸಿಯಾಗಿ, ಬಾಯಿಂದ ಸಣ್ಣಗೆ ಹೊಗೆಯಾಡುತ್ತಿತ್ತು. ಬಟ್ಟೆಯಲ್ಲಿ ಹಿಡಿದು ಹೊರಗಿಟ್ಟೆ. ಕಲಸುವ ಕೋಲನ್ನು ಎಳೆದೆ. ಕೋಲಿನ ಜೊತೆ ಬಕೆಟ್ಟೂ ಮೇಲಕ್ಕೆ ಬಂತು. ಅಂಟಿನ ನಂಟು ಅಂಥದು!

ಅಂಗಡಿಗೆ ಫೋನ್ ಮಾಡಿದೆ. "ಇದೇನ್ರೀ, ಬಕೆಟ್ಟಲ್ಲೇ ಗಟ್ಟಿಯಾಗ್ಬಿಡ್ತು?"

"ಎಷ್ಟು ಹೊತ್ತು ಬಿಟ್ರಿ ಸರ್?"

"ಅಳತೆ ಮಾತ್ರ ಕರಾರುವಾಕ್ಕಾಗಿತ್ತು!"

"ಅದಕ್ಕೇ ಅಷ್ಟು ಚೆನ್ನಾಗಿ ಗಟ್ಟಿಯಾಗಿದೆ" ಎಂದರು ಅವರು.

ಮೇಷ್ಟ್ರು ಬಕೆಟ್ಟಿಗೆ ಬೆರಳಿಂದ ತಟ್ಟಿ ನೋಡಿ, "ಕಾರು ನಿಲ್ಲಿಸಿದಾಗ ಚಕ್ರಕ್ಕೆ ಕೊಡೋಕೆ ಒಳ್ಳೆ ಕಲ್ಲಾಯ್ತು" ಎಂದು ಹೇಳಿ ಹೋದರು.

ಎರಡನೆಯ ದಿನ ಪ್ರೇಕ್ಷಕರಿಗೆ ಪ್ರವೇಶ ಇಲ್ಲ ಎಂದು ತೀರ್ಮಾನಿಸಿದೆ. ಹೊಸ ಡಬ್ಬ ತಂದೆ. ಧೂಳು, ಎಲೆ, ಎದುರುಮನೆಯವರು ಯಾವುದೂ ಒಳಗೆ ಬರದಂತೆ ಶಟರನ್ನು ಕೆಳಗಿಳಿಸಿದೆ. ಮೇಲಿನ ಕಿಟಕಿ ತೆರೆದಿಟ್ಟೆ. ಫೋನು ಅಂಟಿಗೆ ಬೀಳಬಾರದೆಂದು ಒಳಗಿಟ್ಟು ಬಂದೆ. ಬಣ್ಣ ಬಳಿಯುತ್ತ ಬಳಿಯುತ್ತ ಮೂಲೆಗೆ ಸಿಕ್ಕಿಹಾಕಿಕೊಳ್ಳುವ ದಡ್ಡರ ಕಥೆ ನನಗೂ ಗೊತ್ತು. ಆದ್ದರಿಂದ ಮನೆಯೊಳಗಿನ ಬಾಗಿಲಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತ, ಶಟರಿನ ಕಡೆ ಬರುವುದು. ಕೊನೆಗೆ ಶಟರೆತ್ತಿ ಘನತೆಯಿಂದ ಹೊರನಡೆಯುವುದು. ಇದು ಯೋಜನೆ.

ಕಲಸಿದೆ, ತಕ್ಷಣ ಸುರಿದೆ, ಎಳೆದೆ, ರೋಲರ್ ಆಡಿಸಿದೆ. ಆಹಾ! ಕಪ್ಪು ನೆಲದ ಮೇಲೆ ಹಾಲಿನ ಕೆನೆ ಹರಡಿದಂತೆ! ಚಾವಣಿಯ ಟ್ಯೂಬ್‌ಲೈಟು ನೆಲದಲ್ಲಿ ತನ್ನ ಮುಖ ನೋಡಿಕೊಂಡಿತು. ಒಂದು ಗುಳ್ಳೆ ಇಲ್ಲ, ಒಂದು ಗೆರೆ ಇಲ್ಲ. ಹಿಂದೆ ಹಿಂದೆ ಸರಿದು ಶಟರಿಗೆ ಬೆನ್ನು ತಾಗಿದಾಗ ನನ್ನ ಕಾಲಡಿ ಎರಡಡಿ ಅಗಲದ ಹಳೆಯ ನೆಲ ಮಾತ್ರ ಉಳಿದಿತ್ತು. ಅದನ್ನು ಹೊರಗೆ ನಿಂತು ಬಳಿದರಾಯಿತು. ಗೆದ್ದೆ! ಇನ್ನು ಶಟರ್ ಎತ್ತುವ ಗುಂಡಿ ಒತ್ತುವುದಷ್ಟೇ.

ಗುಂಡಿ ಒಳಬಾಗಿಲ ಪಕ್ಕದ ಗೋಡೆಯಲ್ಲಿತ್ತು.

ನನಗೂ ಗುಂಡಿಗೂ ನಡುವೆ ಇಪ್ಪತ್ತು ಅಡಿ ಒದ್ದೆ 'ಮುತ್ತಿನ ಮೌನ'. ಕರೆಂಟಿಲ್ಲದಾಗ ಶಟರನ್ನು ಬಿಡಿಸಲು ಒಂದು ಹಗ್ಗ ಇದೆ. ಅದು ಚಾವಣಿಯ ನಟ್ಟನಡುವಿನಿಂದ ನೇತಾಡುತ್ತ ನನ್ನ ಕಡೆ ನೋಡಿ ಸಣ್ಣಗೆ ತೂಗಿತು. ಮುಳ್ಳಿನ ಚಪ್ಪಲಿಯ ನೆನಪಾಯಿತು. ಆ ನೆನಪನ್ನು ಅಲ್ಲೇ ಅದುಮಿದೆ.

"ಮಾವಾ!" ಎಂದು ಕೂಗಿದೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿದ್ದವರು ಮಾವ ಒಬ್ಬರೇ. "ಮಾವಾ! ಇಲ್ಲಿ ಬನ್ನಿ!"

ಮಾವನ ಕಿವಿ ಚುರುಕು. ಆದರೆ ಆ ಕ್ಷಣಕ್ಕೆ ಸರಿಯಾಗಿ, ಅಂದರೆ ಒಂದು ಗಡಿಯಾರದ ಪ್ರಕಾರ ಸರಿಯಾಗಿ, ಬೆಡ್‌ರೂಮಿನಲ್ಲಿ ನಾಲ್ಕು ಗಂಟೆ ಹೊಡೆಯಿತು. ಅದು ಮುಗಿಯುವ ಮೊದಲೇ ಇನ್ನೊಂದರಲ್ಲಿ ನಾಲ್ಕು. ಮತ್ತೊಂದರಲ್ಲಿ ಹನ್ನೊಂದು. ಒಂದು ಕೋಗಿಲೆ ಕೂಗಿತು. ನಾನು ಕೂಗಿದೆ. ಕೋಗಿಲೆ ನನಗಿಂತ ಜೋರಾಗಿ ಕೂಗಿತು. ನಮ್ಮ ಮನೆಯಲ್ಲಿ ನಾಲ್ಕು ಗಂಟೆ ಹೊಡೆಯಲು ಹನ್ನೆರಡು ನಿಮಿಷ ಬೇಕು!

ಶಟರನ್ನು ದಬದಬ ಗುದ್ದಿದೆ. ಹೊರಗಿನಿಂದ ಪರಿಚಿತ ಧ್ವನಿ ಬಂತು.

"ಯಾರು ಒಳಗೆ?"

"ನಾನು ಮೇಷ್ಟ್ರೇ!"

"ಹೊರಗೆ ಬನ್ನಿ."

"ಬರೋಕಾಗಲ್ಲ! ಗುಂಡಿ ಆ ಕಡೆ ಇದೆ!"

ಮೇಷ್ಟ್ರು ಶಟರನ್ನು ಎರಡು ಸಲ ತಟ್ಟಿದರು. ಆಮೇಲೆ, "ಹೊರಡೋಕೆ ಮುಂಚೆ ಎಲ್ಲಾ ಕಡೆ ನೋಡ್ಕೋಬೇಕು ಸಾರ್. ಮೊದಲನೇ ಪಾಠದಲ್ಲೇ ಹೇಳಿಕೊಡ್ತೀವಿ" ಎಂಬ ಮಾತು ಕೇಳಿಸಿತು.

"ಪಾಠ ಆಮೇಲೆ! ಮನೆ ಬೆಲ್ ಮಾಡಿ!"

ಅವರು ಹೋಗಿ ಬೆಲ್ ಮಾಡಿದರು. ಒಳಗೆ ಮಾವ ಬೆಲ್ಲಿನ ಸದ್ದು ಕೇಳಿ, ಯಾವ ಗಡಿಯಾರದಿಂದ ಈ ಹೊಸ ಸ್ವರ ಬರುತ್ತಿದೆ ಎಂದು ಒಂದೊಂದನ್ನೇ ಕಿವಿಗಿಟ್ಟು ಪರೀಕ್ಷಿಸುತ್ತಿದ್ದರಂತೆ. ಆರನೆಯ ಬೆಲ್ಲಿಗೆ ಬಾಗಿಲು ತೆರೆದರು. ಮೇಷ್ಟ್ರಿಂದ ವಿಷಯ ತಿಳಿಯಿತು. ಒಳಬಾಗಿಲು ತೆರೆದುಕೊಂಡು, ಅಲ್ಲಿ ಮಾವ ದೇವದೂತರಂತೆ ಕಾಣಿಸಿಕೊಂಡರು. ಹಣೆಯ ಮೇಲೆ ರಿಪೇರಿಯ ಭೂತಗನ್ನಡಿ. ಎಡಗೈಯಲ್ಲಿ ಮುಚ್ಚಳ ತೆರೆದ ತಗಡಿನ ಡಬ್ಬಿ.

"ಮಾವಾ, ಅಲ್ಲೇ ನಿಲ್ಲಿ! ಕಾಲಿಡಬೇಡಿ! ಬಲಗಡೆ ಗುಂಡಿ ಇದೆ, ಕೈ ಚಾಚಿ ಒತ್ತಿ!"

"ಎಲ್ಲಿ?"

"ಇನ್ನೂ ಆಚೆ!"

"ಇಲ್ಲೇನಾ?"

"ಅದು ಮೊಳೆ! ಇನ್ನೂ ಸ್ವಲ್ಪ ಬಗ್ಗಿ!"

ಮಾವ ಬಗ್ಗಿದರು. ಬಲಗೈ ಗುಂಡಿಗೆ ತಾಗಿತು. ಎಡಗೈ ಓರೆಯಾಯಿತು. ಐವತ್ತು ವರ್ಷದ ಸ್ಕ್ರೂಗಳು, ಹಲ್ಲಿನ ಚಕ್ರಗಳು, ಸ್ಪ್ರಿಂಗುಗಳು, ನಿಮಿಷದ ಮುಳ್ಳುಗಳು, ಗಂಟೆಯ ಮುಳ್ಳುಗಳು, ನನ್ನ ಹಾಲಿನ ಕೆನೆಯ ಮೇಲೆ ಸಣ್ಣ ಮಳೆಯಂತೆ ಸುರಿದವು. ಟಪ್ ಎಂಬ ಸದ್ದೂ ಇಲ್ಲ. ಮೆತ್ತಗೆ ಕೂತವು. ಕೆಲವು ಅರ್ಧ ಮುಳುಗಿದವು.

ನನ್ನ ಬೆನ್ನ ಹಿಂದೆ ಶಟರು ಗರಗರನೆ ಮೇಲೇರಿತು. ಮೇಷ್ಟ್ರು ಹೊರಗೆ ಸುತ್ತಿ ಬಂದು ನಿಂತಿದ್ದರು. ನೆಲವನ್ನು ನೋಡಿದರು. ನನ್ನನ್ನು ನೋಡಿದರು.

"ಅಳಿಯಂದ್ರೇ" ಎಂದು ಆ ತುದಿಯಿಂದ ಮಾವ ಕೇಳಿದರು, "ಏನಾದ್ರೂ ಬಿತ್ತಾ?"

ಮಾವನ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಡಬ್ಬಿಯೊಳಗೆ ಬೆರಳಾಡಿಸಿದ ಮೇಲೆ ಅವರ ಮುಖ ಸಣ್ಣದಾಯಿತು. ನಾನು, "ಎಲ್ಲೋ ಒಂದೆರಡು ಬಿದ್ದಿರಬಹುದು ಮಾವಾ" ಎಂದೆ. ಇಪ್ಪತ್ತಾರು ವರ್ಷದಲ್ಲಿ ನಾನು ಕೊಟ್ಟ ಮೊದಲ ತಪ್ಪು ಲೆಕ್ಕ ಅದು.

ಸಂಜೆ ಹೆಂಡತಿ ಬಂದು ಬಾಗಿಲಲ್ಲಿ ನಿಂತು ನೋಡಿದಳು.

"ಚೂರು ಉದುರಿಸೋದು ಬೇಡ ಅಂದಿದ್ರಲ್ಲ?"

"ಅದು... ಆಮೇಲೆ ಮನಸ್ಸು ಬದಲಾಯಿಸಿದೆ."

"ಗಡಿಯಾರದ ಚೂರು!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅಪ್ಪನ ಕಡೆ ತಿರುಗಿದಾಗ ನಗು ನಿಂತಿತು. ಮಾವ ಹೊಸ್ತಿಲ ಮೇಲೆ ಖಾಲಿ ಡಬ್ಬಿ ಹಿಡಿದು ಕುಳಿತಿದ್ದರು.

ಒಂದು ವಾರ ಕಳೆಯಿತು. ನೆಲ ಕಲ್ಲಾಯಿತು. ನನ್ನ ಅಂದಾಜು ಸುಳ್ಳಾಗಲಿಲ್ಲ: ಬಿದ್ದ ಪ್ರತಿಯೊಂದು ಸ್ಕ್ರೂ ಬಾಗಿಲಲ್ಲಿ ನಿಂತರೇ ಕಾಣುತ್ತಿತ್ತು. ಕೈಗೆ ಬರುತ್ತಿರಲಿಲ್ಲ, ಅಷ್ಟೇ! ಮಾವನ ಮೇಜು ಮತ್ತೆ ಗ್ಯಾರೇಜಿಗೆ ಬಂತು. ಮಾವ ಮತ್ತೆ ನೆಲಕ್ಕಿಳಿದರು. ಮೊದಲು ದಿನಕ್ಕೆ ಹತ್ತು ಸಲ ಇಳಿಯುತ್ತಿದ್ದವರು ಈಗ ಇಪ್ಪತ್ತು ಸಲ. ಯಾವುದು ಈಗ ಬಿದ್ದದ್ದು, ಯಾವುದು ಹೂತುಹೋದದ್ದು ಎಂದು ಒಂದೊಂದನ್ನೇ ಉಗುರಿನಿಂದ ಕೆರೆದು ನೋಡಬೇಕಿತ್ತು. ನಾನೂ ಪಕ್ಕದಲ್ಲಿ ಮೊಣಕಾಲೂರಿ, "ಇದು ನೆಲದ್ದು ಮಾವಾ. ಇದೂ ನೆಲದ್ದೇ" ಎಂದು ವರ್ಗೀಕರಣ ಮಾಡುತ್ತಿದ್ದೆ. ಎದುರುಮನೆಯ ಮೇಷ್ಟ್ರು ನಮ್ಮಿಬ್ಬರನ್ನೂ ಕಂಡು, "ಯಾರದು ಸ್ಕ್ರೂ ಸಡಿಲ ಆಗಿದ್ದು?" ಎಂದು ಕೇಳಿದರು. ಉತ್ತರ ಕಾಯದೆ ಹೋದರು.

ಮುಂದಿನ ಭಾನುವಾರ ಮಾವ ನೆಲದಿಂದ ಗೆಲುವಿನ ಕೂಗು ಹಾಕಿದರು. "ಸಿಕ್ತು! ನೋಡಿ ಅಳಿಯಂದ್ರೇ, ಬಿಳಿ ನೆಲ ಅಂದ್ರೆ ಇದು! ಎಷ್ಟು ಬೇಗ ಸಿಕ್ತು!"

ಚಿಮಟದಲ್ಲಿ ಹಿಡಿದು ಮೇಜಿಗೆ ತಂದರು. ಭೂತಗನ್ನಡಿ ಕಣ್ಣಿಗಿಳಿಸಿಕೊಂಡು, ತೆರೆದ ಗಡಿಯಾರದೊಳಗೆ ಅದನ್ನು ಕೂರಿಸಲು ನೋಡಿದರು. ನಾನೂ ಹೆಂಡತಿಯೂ ನೋಡುತ್ತಿದ್ದೆವು.

"ಇದ್ಯಾಕೆ ನಿಲ್ತಾ ಇಲ್ಲ?" ಎಂದರು ಮಾವ. "ತಿರುಗಿಸೋಕೆ ಹೋದ್ರೆ ಓಡ್ತಿದೆ!"

ಅದು ಇರುವೆ.

ನಾನು ಬಾಯಿ ತೆರೆದೆ. ಹೆಂಡತಿ ನನ್ನ ತೋಳು ಒತ್ತಿದಳು. ಮುಂದೆ ಹೋಗಿ, ಚಿಮಟವನ್ನು ಮೆಲ್ಲಗೆ ತೆಗೆದುಕೊಂಡು, ಇರುವೆಯನ್ನು ಕಿಟಕಿಯಾಚೆ ಬಿಟ್ಟು, ಅಪ್ಪನ ಪಕ್ಕ ಸ್ಟೂಲು ಎಳೆದು ಕುಳಿತಳು.

"ಅಪ್ಪಾ. ನೆಲ ಈಗ ಬೆಳ್ಳಗಿದೆಯಲ್ಲಾ?"

ಮಾವ ಭೂತಗನ್ನಡಿಯನ್ನು ಹಣೆಗೇರಿಸಿ ನೆಲದ ಕಡೆ ನೋಡಿದರು.

"ಇನ್ನು ಯಾವುದರ ಮೇಲೆ ತಪ್ಪು ಹಾಕ್ತೀರಿ?"

ಮಾವ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಆಪರೇಷನ್ ಮಾಡುವಾಗ ಡಾಕ್ಟರ ಕೈ ನಡುಗಿಬಿಟ್ರೆ?" ಎಂದು ಸಣ್ಣ ದನಿಯಲ್ಲಿ ಕೇಳಿದರು. "ಸಣ್ಣ ಕೆಲಸ ಮಾಡೋನು ನಾನು. ಒಂದು ಕೂದಲೆಳೆ ಆಚೀಚೆ ಆದ್ರೆ ಏನಾಗುತ್ತೆ ಅಂತ ನನಗೆ ಗೊತ್ತು ಮಗಳೇ."

"ಆಪರೇಷನ್ ಮಾಡೋ ಡಾಕ್ಟರಮ್ಮನ ಕೈ ನಾನು ನೋಡಿದೀನಿ. ನಿಮ್ಮ ಕೈ ಥರಾನೇ ಇದೆ."

ಮಾವ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ಸರಿ, ಕರ್ಕೊಂಡು ಹೋಗು" ಎಂದರು.

ಒಳಗೆ ಬಂದ ಮೇಲೆ ನಾನು ಹೆಂಡತಿಯನ್ನು ಕೇಳಿದೆ. "ನೆಲ ಬೆಳ್ಳಗಾದ್ರೂ ಅವರಿಗೆ ಕಾಣಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

"ಕಣ್ಣು ನೋಡೋದು ನನ್ನ ಕೆಲಸ ರೀ."

"ಮತ್ತೆ ನಾನು ಒಂದು ವಾರ ನೆಲ ತಿಕ್ಕುವಾಗ ಯಾಕೆ ಸುಮ್ಮನಿದ್ದೆ?"

"ಎರಡು ವರ್ಷ ನಾನು ಹೇಳಿದ್ದನ್ನ ಅಪ್ಪ ಕೇಳಲಿಲ್ಲ. ನೆಲ ಹೇಳಿದ್ರೆ ಕೇಳ್ತಾರೇನೋ ಅಂತ. ಹೇಗೂ ನೀವು ಅಷ್ಟು ಉತ್ಸಾಹದಲ್ಲಿದ್ರಿ" ಎಂದಳು. ನನ್ನ ಬಣ್ಣದ ಆಯ್ಕೆ, ನನ್ನ ರಜೆ, ನನ್ನ ಬೆನ್ನು, ಎಲ್ಲವೂ ಒಂದು ಕಣ್ಣಿನ ಪರೀಕ್ಷೆಯ ಹಲಗೆಯಾಗಿತ್ತು ಎಂದು ಆಗ ತಿಳಿಯಿತು. ಯೋಜನೆ ಯಾರದು ಎಂಬುದರ ಬಣ್ಣ ಬಯಲಾಯಿತು. ನಾನು ನೆಲ ಕಚ್ಚಿದೆ.

ಆಪರೇಷನ್ ಮುಗಿಯಿತು. ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಎಂದು ಹೆಂಡತಿ ಹೇಳಿದ್ದಳು. ನಾನು ಕುಡಿದದ್ದು ಎರಡು ಕಾಫಿ. ಮೊದಲು ಒಂದು ಕಣ್ಣು, ಕೆಲವು ವಾರದ ಮೇಲೆ ಇನ್ನೊಂದು. ಎರಡೂ ಸರಿಹೋಗಿ, ಮಾವ ಕಪ್ಪು ಕನ್ನಡಕ ಹಾಕಿಕೊಂಡು ಗ್ಯಾರೇಜಿಗೆ ಕಾಲಿಟ್ಟ ದಿನ ನಾನು ನೆಲವನ್ನು ಮೂರು ಸಲ ಒರೆಸಿದ್ದೆ. ಮಾವ ಬಾಗಿಲಲ್ಲಿ ನಿಂತು ಕನ್ನಡಕ ತೆಗೆದರು. ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಮೆಲ್ಲಗೆ ಬಗ್ಗಿ, ಹೂತುಹೋದ ಒಂದು ಪುಟ್ಟ ಚಕ್ರದ ಮೇಲೆ ಬೆರಳಿಟ್ಟು, ಅದರ ಹಲ್ಲುಗಳನ್ನು ಎಣಿಸಿದರು. ಮೊಣಕಾಲೂರದೆ, ಭೂತಗನ್ನಡಿ ಇಲ್ಲದೆ!

"ಹದಿನಾರು" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ನಾನೂ ಪಕ್ಕದಲ್ಲಿ ಬಗ್ಗಿ ಆ ಚಕ್ರ ನೋಡಿದೆ. ಆದರೂ ಕಲಾವಿದನಿಗೆ ಒಂದು ಮೆಚ್ಚುಗೆಯ ಆಸೆ ಇರುವುದಿಲ್ಲವೇ? "ನೆಲ ಹೇಗಿದೆ ಮಾವಾ?" ಎಂದೆ.

"ನೆಲಾನಾ? ಬಹಳ ಚೆನ್ನಾಗಿದೆ ಅಳಿಯಂದ್ರೇ. ಕಷ್ಟಪಟ್ಟಿದ್ದೀರಿ." ಮಾವ ಕಣ್ಣೊರೆಸಿಕೊಂಡು, ಸಂಕೋಚದಿಂದ ಮತ್ತೆ ಕಪ್ಪು ಕನ್ನಡಕ ಹಾಕಿಕೊಂಡರು. "ಆದ್ರೆ ಈಗ ಎಲ್ಲಾ ಚೆನ್ನಾಗಿ ಕಾಣ್ತಿದೆ ನೋಡಿ, ಇಷ್ಟು ಬಿಳಿ ಕಣ್ಣಿಗೆ ಹೊಡೀತಿದೆ. ಮೇಲೆ ಏನಾದ್ರೂ ಕಪ್ಪಗಿರೋದು ಹಾಸೋಕಾಗುತ್ತಾ?"

ಹೆಂಡತಿ ಆಗಲೇ ಜಮಖಾನೆ ಅಂಗಡಿಗೆ ಫೋನ್ ಹಚ್ಚಿದ್ದಳು. "ರೀ, ಉದ್ದ ಅಗಲ ಎಷ್ಟು ಅಂತ ಕೇಳ್ತಿದ್ದಾರೆ."

ಟೇಪು ಹುಡುಕುವ ಅಗತ್ಯ ಬೀಳಲಿಲ್ಲ. ಆ ನೆಲದ ಅಂಗುಲ ಅಂಗುಲವನ್ನೂ ಮೊಣಕಾಲಲ್ಲಿ ಅಳೆದವನು ನಾನೇ ಅಲ್ಲವೇ!